ಎಣಿಸಬಾರದ ಮಂದೆ

ಯಗಟಿಯ ಹೊನ್ನಯ್ಯ ತನ್ನ ಕುರಿಗಳನ್ನು ಎಂದೂ ಎಣಿಸಿದವನಲ್ಲ. ಎಣಿಸಿದರೆ ಮಂದೆ ಕರಗುತ್ತದೆ ಅಂತ ಅವರಪ್ಪ ಹೇಳಿಹೋಗಿದ್ದ. ಸಂಜೆ ಕುರಿ ರೊಪ್ಪದ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡಿ ಒಳಗೆ ಬಿಡುವನು; ಒಂದು ತಪ್ಪಿದರೂ ಗೊತ್ತಾಗುತ್ತಿತ್ತು.

ಮಗಳು ಮಾಲಿನಿ ಒಂದನೇ ಕ್ಲಾಸಿನಲ್ಲಿ ಅಂಕಿ ಕಲಿತ ಹುರುಪಿನಲ್ಲಿ ಒಂದು ಸಂಜೆ ಕುರಿಗಳತ್ತ ಬೆರಳು ಮಾಡಿ ಗಟ್ಟಿಯಾಗಿ ಎಣಿಸಿಬಿಟ್ಟಳು. ಅಪ್ಪ ಭೇಷ್ ಅನ್ನಲಿ ಅಂತ. ಆ ಮಳೆಗಾಲ ನೀಲಿನಾಲಿಗೆ ರೋಗ ಬಂತು. ಊರವರೆಲ್ಲರ ಕುರಿ ಸತ್ತವು, ಹೊನ್ನಯ್ಯನವೂ ಸತ್ತವು. ಅವನು ಸತ್ತ ಮರಿಯೊಂದನ್ನು ತಂದು ಮಗಳ ಮಡಿಲಿಗೆ ಹಾಕಿದ.

"ತಗಾ, ಎಣಿಸು. ಇನ್ನೂ ಎಣಿಸೇ, ಮಾರಿ!"

ತಾಯಿ ಲಿಂಗಮ್ಮ ಒಲೆ ಮುಂದಿನಿಂದ ಏಳಲಿಲ್ಲ.

ಅಂದಿನಿಂದ ಹುಡುಗಿಯ ಬಾಯಿಂದ ಅಂಕಿ ಹೊರಡಲಿಲ್ಲ. ಬರೆ ಅಂದರೆ ಬರೆಯುವಳು, ಹೇಳು ಅಂದರೆ ಗಂಟಲು ಕಟ್ಟುವುದು. ಹಾಗಿದ್ದೂ ಹತ್ತನೇ ಕ್ಲಾಸಿನ ಗಣಿತದಲ್ಲಿ ಶಾಲೆಗೇ ಮೊದಲು ಬಂದಳು. ಕಡೂರಿನ ಕಾಲೇಜಿಗೆ ಸೇರಿ ಗಣಿತದ ಮೇಡಂ ಆಗಬೇಕು, ಅದೊಂದೇ ಆಸೆ. ಅದಕ್ಕೆ ಅಪ್ಪನನ್ನು ಒಪ್ಪಿಸಲು ಶಾಲೆಯ ಓಂಕಾರೇಶ್ ಮೇಷ್ಟ್ರೇ ಮನೆಗೆ ಬಂದರು.

"ಲೆಕ್ಕ ಬತ್ತೈತಾ ಇವ್ಳಿಗೆ?" ಹೊನ್ನಯ್ಯ ನಕ್ಕ. "ಅಗೋ, ಕುರಿ ಒಳಿಕ್ ಹೋಯ್ತಾವೆ. ಎಷ್ಟು ಅಂತ ಬಾಯ್ಬಿಟ್ಟು ಹೇಳ್ಲಿ, ನಾಳೆನೇ ಸೇರಿಸ್ತೀನಿ."

"ಹೇಳಮ್ಮ, ಹೇಳು," ಮೇಷ್ಟ್ರು ಗೋಗರೆದರು.

ಮಾಲಿನಿ ಆಗಲೇ ಕಣ್ಣಲ್ಲಿ ಎಣಿಸಿ ಮುಗಿಸಿದ್ದಳು. ಅಷ್ಟರಲ್ಲಿ ಗಬ್ಬದ ಕುರಿಯೊಂದು ಬಾಗಿಲಲ್ಲಿ ತಿರುಗಿ ಅವಳನ್ನೇ ನೋಡಿತು. ಮಾಲಿನಿಯ ತುಟಿ ಅಲುಗಿತು, ಸ್ವರ ಬರಲಿಲ್ಲ.

"ನೋಡಿದ್ರಾ ಸಾ? ಕುರಿ ಎಣಿಸಕ್ ಬರ್ದೋಳು ಕಡೂರಿಗೋಗಿ ಏನ್ ಕಡಿದಾಳು?"

ಈಗ ಅವಳು ತರೀಕೆರೆಯ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳು ಕೆದರಿದ ಸೀರೆ ಮಡಿಸುತ್ತಾಳೆ. ಬಿಲ್ಲು ಹಾಕಲು ಕೂರು ಅಂದರೆ ಒಲ್ಲೆ ಅಂದಳಂತೆ.

ಮೊನ್ನೆ ಅವಳು ಊರಿಗೆ ಬಂದಾಗ, ಮೊಣಕಾಲು ಸೋತ ಹೊನ್ನಯ್ಯ ಮಂದೆಯನ್ನೇ ಮಾರುತ್ತಿದ್ದ. ಅಜ್ಜಂಪುರದ ವ್ಯಾಪಾರಿ ಕುರಿಗಳನ್ನು ಜೋಡಿ ಜೋಡಿ ಟೆಂಪೋಗೆ ತಳ್ಳುತ್ತಾ ಎಣಿಸಿದರೆ, ಇವನೂ ಗಟ್ಟಿಯಾಗಿ ದನಿಗೂಡಿಸಿದ.

"ನೀನೇ ಎಣಿಸ್ತಿದ್ದೀಯಲ್ಲಪ್ಪಾ?"

"ಮಾರಿದ್ ಕುರಿ ಸತ್ರೆ ನಮ್ಗೇನೇ?"

ಮಾಲಿನಿ ಟೆಂಪೋ ಪಕ್ಕ ನಿಂತು ಕಣ್ಣಲ್ಲೇ ಎಣಿಸತೊಡಗಿದಳು. ನಡುವೆ ವ್ಯಾಪಾರಿ ಒಂದು ಜೋಡಿಯನ್ನು ಲೆಕ್ಕಕ್ಕೆ ಸೇರಿಸದೆ ನುಂಗಿದ. ಎಣಿಕೆ ರೂಢಿಯಿಲ್ಲದ ಹೊನ್ನಯ್ಯನಿಗೆ ಎಲ್ಲೋ ತಪ್ಪಿತು ಅನ್ನಿಸಿತು, ಎಲ್ಲಿ ಅಂತ ತಿಳಿಯಲಿಲ್ಲ.

"ಮಾಲಿನೀ, ನೋಡ್ತಿದ್ಯಲ್ಲವ್ವ, ಲೆಕ್ಕ ಸರಿ ಐತೇನೇ? ಹೇಳೇ!"

ಅಂದು ಅವಳ ಗಂಟಲು ಕಟ್ಟಲಿಲ್ಲ. ಅಂಕಿ ನಾಲಿಗೆಯ ತುದಿಯಲ್ಲೇ ಇತ್ತು.

"ಕುರಿ ಎಣಿಸಕ್ ನಂಗೆಲ್ ಬತ್ತೈತಪ್ಪಾ," ಅಂದು ಟೆಂಪೋದ ಚಿಲಕ ತಾನೇ ಹಾಕಿದಳು.