ಊರನ್ನೇ ಕರೆಯಲು ಮರೆತ ಹಾಡಿನ ಹಬ್ಬ

ಇದು ಮೂರು ವರ್ಷದ ಹಿಂದಿನ ಮಾತು. ಫೆಬ್ರವರಿ ತಿಂಗಳ ಒಂದು ಭಾನುವಾರ. ಗದ್ದೆ ಕೊಯ್ಲು ಮುಗಿದು, ಹುಲ್ಲೆಲ್ಲ ಮನೆ ಸೇರಿ, ಜನ ಸ್ವಲ್ಪ ಉಸಿರು ಬಿಡುವ ಕಾಲ. ನಮ್ಮೂರಿರುವುದು ಹೊಸನಗರ ತಾಲ್ಲೂಕಿನಲ್ಲಿ, ಸಾಗರಕ್ಕೆ ಹೋಗುವ ಟಾರು ರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗೆ. ಇರುವುದು ನಲವತ್ತೆರಡು ಮನೆ. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೇನೆಂದರೆ, ಆ ಊರಿಗೆ ಅಂಚೆ ಹಂಚುವವಳು ನಾನೇ. ಯಾರ ಮನೆಯ ನಾಯಿ ಬೊಗಳುತ್ತದೆ, ಯಾವುದು ಬೊಗಳದೆ ಬಂದು ಹಿಡಿಯುತ್ತದೆ ಎನ್ನುವುದೂ ನನಗೆ ಬಾಯಿಪಾಠ. ಊರಿನ ಎಷ್ಟೋ ಮದುವೆ, ಗೃಹಪ್ರವೇಶ, ನಾಮಕರಣದ ಕಾಗದಗಳು ನನ್ನ ಚೀಲದಲ್ಲಿ ಕೂತು ಹೋಗಿವೆ. ಅಂಥ ನಾನೇ ಆ ಭಾನುವಾರ ಮಾಡಿದ ತಪ್ಪನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಮ್ಮೂರ ಶಾಲೆಯ ಗಣಪತಿ ಮೇಷ್ಟ್ರಿಗೆ ಹಾಡಲು ಬರುವುದಿಲ್ಲ. ಆದರೆ ಹಾಡು ಎಂದರೆ ಊಟ ಬಿಟ್ಟು ಓಡುವ ಮನುಷ್ಯ. ನಮ್ಮ ಕಡೆ ಇಷ್ಟೊಂದು ಜನ ಹಾಡುತ್ತಾರೆ, ಬಾರಿಸುತ್ತಾರೆ, ಅವರೆಲ್ಲ ಯಾಕೆ ಶಿವಮೊಗ್ಗಕ್ಕೇ ಹೋಗಬೇಕು, ನಮ್ಮೂರ ಗದ್ದೆಯಲ್ಲೇ ಒಂದು ದಿನ ಹಾಡಲಿ ಎಂದು ತಲೆಗೆ ಹುಳ ಬಿಟ್ಟವರು ಅವರೇ. ನನಗೂ ಹುರುಪು ಬಂತು. ಉದ್ಘಾಟನೆ ಇಲ್ಲ, ಭಾಷಣ ಇಲ್ಲ, ಶಾಲು ಹಾರ ಇಲ್ಲ, ಯಾವ ಪಕ್ಷದ ಫ್ಲೆಕ್ಸೂ ಇಲ್ಲ. ಬರೀ ಹಾಡು. ಮಧ್ಯಾಹ್ನ ಮೂರಕ್ಕೆ ಶುರು, ಏಳೂವರೆಗೆ ಮುಗಿಸುವುದು. ಮಂಜಪ್ಪ ಗೌಡರು ತಮ್ಮ ರಸ್ತೆ ಬದಿಯ ಗದ್ದೆ ಕೊಟ್ಟರು. ಸಾಗರದಿಂದ ಮೈಕಿನವರು, ಕಾರ್ಗಲ್‌ನಿಂದ ಹಾರ್ಮೋನಿಯಂ ನುಡಿಸುವ ನಿವೃತ್ತ ನೌಕರರೊಬ್ಬರು, ತೀರ್ಥಹಳ್ಳಿಯಿಂದ ಗಿಟಾರಿನವರು ಮೂವರು ಬರುವುದಾಗಿ ಒಪ್ಪಿದರು.

ನಿಜ ಹೇಳಬೇಕೆಂದರೆ ನನ್ನ ಹುರುಪಿಗೆ ಬೇರೊಂದು ಕಾರಣವಿತ್ತು. ಅದು ದೇವಮ್ಮಜ್ಜಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮಳೆಗಾಲ, ಗದ್ದೆಯಲ್ಲಿದ್ದವರಿಗೆ ಕಾಗದ ಕೊಡಲು ಅಂಚಿನ ಮೇಲೆ ಹೋಗುತ್ತಿದ್ದೆ. ಭತ್ತದ ಸಸಿ ನೆಡುವ ನಟ್ಟಿ ನಡೆಯುತ್ತಿತ್ತು. ದೇವಮ್ಮಜ್ಜಿ ಬಗ್ಗಿದಲ್ಲಿಂದಲೇ ಒಂದು ಸೊಲ್ಲು ಹಾಡುತ್ತಿದ್ದರು, ಉಳಿದ ಹೆಂಗಸರು ಅದನ್ನು ಎತ್ತಿಕೊಳ್ಳುತ್ತಿದ್ದರು. ನಾನು ಕೊಡೆ ಹಿಡಿದುಕೊಂಡು ಎಷ್ಟು ಹೊತ್ತು ನಿಂತೆನೋ, ಕಾಗದ ಒದ್ದೆಯಾಗಿ ಬೈಸಿಕೊಂಡೆ. ಆಮೇಲೆ ಊರಿಗೆ ನಟ್ಟಿ ಮಾಡುವ ಮಷಿನ್ ಬಂತು. ಮಷಿನ್ನಿನ ಹಿಂದೆ ಯಾರು ಹಾಡುತ್ತಾರೆ? ಅಜ್ಜಿಯ ಮಂಡಿಯೂ ಹಿಡಿದುಕೊಂಡಿತು. ಆ ದನಿಯನ್ನು ನಾನು ಮತ್ತೆ ಕೇಳಿರಲಿಲ್ಲ. ಊರಿನ ಹೊಸ ಸೊಸೆಯಂದಿರಿಗೆ ಅಜ್ಜಿ ಹಾಡುತ್ತಾರೆ ಎನ್ನುವುದೇ ಗೊತ್ತಿರಲಿಲ್ಲ. ಅವರು ಒಂದು ಸಲವಾದರೂ ನಾಲ್ಕು ಜನರ ಮುಂದೆ ಹಾಡಬೇಕು ಎನ್ನುವುದು ನನ್ನ ಆಸೆ. ಉಳಿದದ್ದೆಲ್ಲ ನನಗೆ ಪಲ್ಯ ಕೋಸಂಬರಿ ಇದ್ದ ಹಾಗೆ.

ಹಬ್ಬದ ಹಿಂದಿನ ಬುಧವಾರ ಅಜ್ಜಿಗೆ ಮಂಡಿನೋವಿನ ಎಣ್ಣೆಯ ಪಾರ್ಸಲ್ ಬಂದಿತ್ತು. ಕೊಟ್ಟು, ಸಹಿ ಹಾಕಿಸಿಕೊಳ್ಳುವಾಗ, ಭಾನುವಾರ ಬಂದು ನಿಮ್ಮ ನಟ್ಟಿ ಹಾಡು ಹಾಡಬೇಕು ಎಂದೆ. ಅಜ್ಜಿ "ನೋಡಾನ" ಎಂದರು. ಅವರು ನೋಡಾನ ಎಂದರೆ ಬಂದ ಹಾಗೇ ಎಂದುಕೊಂಡು ನಾನು ಸ್ಕೂಟಿ ಹತ್ತಿದೆ.

ಆ ಭಾನುವಾರ ಬೆಳಿಗ್ಗೆಯಿಂದ ಓಡಾಟ. ಕೂಳೆ ಕೆತ್ತಿ ನೆಲ ಹದ ಮಾಡಿ ಚಾಪೆ ಹಾಸಿದೆವು. ಸೀಳಿದ ಅಡಿಕೆ ಮರದ ದಬ್ಬೆಯ ಮೇಲೆ ಹಲಗೆ ಜೋಡಿಸಿ ವೇದಿಕೆಯಾಯಿತು. ಎರಡು ಗಂಟೆಯಿಂದಲೇ ಬೈಕು ಕಾರು ಬರತೊಡಗಿದವು. ನಾವು ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಅಂಟಿಸಿದ ಪೋಸ್ಟರ್, ವಾಟ್ಸಾಪಿನಲ್ಲಿ ಕಳಿಸಿದ ಚಿತ್ರ ಎಲ್ಲ ಕೆಲಸ ಮಾಡಿದ್ದವು. ಗುರುತಿಲ್ಲದವರೆಲ್ಲ ಬಂದು ಚಾಪೆಯ ಮೇಲೆ ಕೂತರು. ಮೂರು ಗಂಟೆಗೆ ನಾನು ವೇದಿಕೆ ಹತ್ತಿ ಜನರನ್ನು ನೋಡಿದೆ. ಸಾಗರದವರಿದ್ದರು, ತೀರ್ಥಹಳ್ಳಿಯವರಿದ್ದರು, ಹೊಸನಗರದವರಿದ್ದರು. ನಮ್ಮೂರಿನವರು ಮಾತ್ರ ಇರಲಿಲ್ಲ. ಓಡಾಡುತ್ತಿದ್ದ ನಮ್ಮನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇಲ್ಲ. ನಾವು ಊರವರಿಗೆಂದು ಮುಂದೆ ಬಿಟ್ಟಿದ್ದ ಚಾಪೆಗಳು ಹಾಗೇ ಖಾಲಿ ಬಿದ್ದಿದ್ದವು.

ನನಗೆ ಮೊದಲು ಬಂದದ್ದು ಸಿಟ್ಟು. ಇದೇ ಜನಕ್ಕೆ ಬಿಸಿಲು ಮಳೆ ಎನ್ನದೆ ಕಾಗದ ಮುಟ್ಟಿಸಿದೆನಲ್ಲ, ಮನೆ ಬಾಗಿಲಿಗೆ ಹಾಡು ತಂದರೆ ಎದ್ದು ಬರುವುದಕ್ಕೂ ಇವರಿಗೆ ಸೋಮಾರಿತನವೇ ಎಂದು ಗಣಪತಿ ಮೇಷ್ಟ್ರ ಹತ್ತಿರ ಕೂಗಾಡಿದೆ. ಅವರು ಪಾಪ, ಟೀವಿಯಲ್ಲಿ ಕ್ರಿಕೆಟ್ ಇರಬಹುದು ಎಂದರು. ಮಂಜಪ್ಪ ಗೌಡರು ಒಂದು ಪಕ್ಕ ಎಲೆ ಅಡಿಕೆಯ ಕವಳ ಹಾಕಿಕೊಂಡು ನಿಂತಿದ್ದರು. ಶಾರದಕ್ಕ ಎಲ್ಲಿ ಎಂದು ಕೇಳಿದೆ. ಶಾರದಕ್ಕ ಅವರ ಹೆಂಡತಿ. ಮನೆ ಗದ್ದೆಯ ತಲೆಯಲ್ಲೇ ಇದೆ, ಕೂಗಿದರೆ ಕೇಳಿಸುತ್ತದೆ.

ಗೌಡರು ಕವಳ ಉಗಿದು ಬಂದು ಮೆಲ್ಲಗೆ ಹೇಳಿದರು. "ಅವ್ಳಿಗೆ ಹೇಳಿಕೆ ಆಗ್ಲಿಲ್ವಲ್ಲ ಸುಜಾತಾ."

"ಎಂತ ಗೌಡ್ರೆ, ಗದ್ದೆನೇ ನಿಮ್ಮದು" ಎಂದೆ.

"ಗದ್ದೆ ಕೊಟ್ಟವ್ನು ನಾನು. ಅವ್ಳನ್ನ ಕರ್ದೋರು ಯಾರು? ಊರಲ್ಲಿ ಯಾರಿಗೂ ಹೇಳಿಕೆ ಆಗಿಲ್ಲ. ಬೆಳಿಗ್ಗೆಯಿಂದ ನಾನೂ ನೋಡ್ತಿದ್ದೆ, ಈಗ ಹೋಗ್ತೀರಿ, ಆಗ ಹೋಗ್ತೀರಿ ಅಂತ."

ಬೇರೆ ಕಡೆಯ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಯಾವ ಕಾರ್ಯವಾದರೂ ಮನೆಮನೆಗೆ ಹೋಗಿ, ಜಗಲಿಯ ಮೇಲೆ ನಿಂತು, ಹೆಂಗಸರಿಗೆ ಕುಂಕುಮ ಕೊಟ್ಟು, ಮನೆಮಂದಿಯೆಲ್ಲ ಬರಬೇಕು ಎಂದು ಬಾಯಲ್ಲಿ ಹೇಳಬೇಕು. ಅದೇ ಹೇಳಿಕೆ. ಕಾಗದ ಕಳಿಸಿದರೂ ಹೇಳಿಕೆ ಆಗಲೇಬೇಕು. ದಾರಿಯಲ್ಲಿ ಸಿಕ್ಕಾಗ ಹೇಳಿದರೆ ಅದು ಲೆಕ್ಕಕ್ಕಿಲ್ಲ. ನಾವು ಮೂರು ತಾಲ್ಲೂಕಿಗೆ ಸುದ್ದಿ ಮುಟ್ಟಿಸಿದೆವು, ನಮ್ಮೂರಿಗೆ ಮಾತ್ರ ಹೇಳಲಿಲ್ಲ. ಊರವರನ್ನು ಊರವರೇ ಕರೆಯುವುದೇನು, ಇದು ಎಲ್ಲರ ಹಬ್ಬವಲ್ಲವೇ ಎಂದುಕೊಂಡಿದ್ದೆವು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಹಾಗಾಯಿತು.

ಕಾರ್ಗಲ್‌ನ ಹಾರ್ಮೋನಿಯಂ ಯಜಮಾನರಿಗೆ ವಿಷಯ ಹೇಳಿದೆವು. ಅವರು ನಕ್ಕುಬಿಟ್ಟರು. ನೀವು ಹೋಗಿ ಕರೆದುಕೊಂಡು ಬನ್ನಿ, ಅಷ್ಟು ಹೊತ್ತು ನಾನು ಇವರನ್ನು ಕೂರಿಸಿಕೊಂಡಿರುತ್ತೇನೆ ಎಂದು ಪೆಟ್ಟಿಗೆ ಬಿಚ್ಚಿದರು. ನಾನು ಗೌಡರ ಮನೆಗೆ ಓಡಿ, ಶಾರದಕ್ಕನ ಮುಂದೆ ಕೈಮುಗಿದು, ಅವರದೇ ಕುಂಕುಮದ ಭರಣಿಯಿಂದ ಅವರಿಗೇ ಕುಂಕುಮ ಕೊಟ್ಟು ಕರೆದೆ. ಆ ಭರಣಿಯನ್ನೇ ಎತ್ತಿಕೊಂಡು ದೇವಮ್ಮಜ್ಜಿಯ ಮನೆಗೆ ಸ್ಕೂಟಿ ಓಡಿಸಿದೆ.

ಅಜ್ಜಿಯನ್ನು ನೋಡಿ ನಾನು ಅಂಗಳದಲ್ಲೇ ನಿಂತುಬಿಟ್ಟೆ. ಅವರು ಜಗಲಿಯ ಮೇಲೆ ಕೂತಿದ್ದರು. ಮಡಿಕೆ ಬಿಚ್ಚಿದ ಗುರುತು ಕಾಣುವ ಹಸಿರು ಸೀರೆ ಉಟ್ಟಿದ್ದರು. ತಲೆಗೆ ಎಣ್ಣೆ ಹಾಕಿ ಬಾಚಿ, ಸಣ್ಣ ತುರುಬಿಗೆ ಅಬ್ಬಲಿಗೆ ಮುಡಿದಿದ್ದರು. ಚಪ್ಪಲಿ ಮೆಟ್ಟಿಲ ಹತ್ತಿರ ಜೋಡಿಸಿಟ್ಟಿತ್ತು. ದೂರದಿಂದ ಹಾರ್ಮೋನಿಯಂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಊಟ ಆದಾಗಿಂದ ಹಿಂಗೇ ಕೂತಿದಾಳೆ" ಎಂದರು ಒಳಗಿನಿಂದ ಅವರ ಯಜಮಾನರು.

ನನ್ನ ಬಾಯಿ ಆಗಲೂ ಸುಮ್ಮನಿರಲಿಲ್ಲ. "ಅಜ್ಜಿ, ನಾನು ಬುಧವಾರವೇ ಹೇಳಿದ್ನಲ್ಲ" ಎಂದೆ.

"ಎಣ್ಣೆ ಬಾಟ್ಲಿ ಕೊಡಕ್ಕೆ ಬಂದಾಗ ಹೇಳಿದ್ದು. ನೀ ನಿನ್ನ ಕೆಲಸಕ್ಕೆ ಬಂದಿದ್ದು ಮಾರಾಯ್ತಿ, ನನ್ನ ಕರಿಯಕ್ಕೆ ಬಂದಿದ್ದಲ್ಲ" ಎಂದರು ಅಜ್ಜಿ. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ನೋವಾಯಿತು. ಅವರೇ ಮುಂದುವರಿಸಿದರು. "ನನ್ನ ಬಿಡು. ಕೇರಿಯೋರನ್ನ ಯಾರನ್ನೂ ಕರೀಲಿಲ್ಲ. ನಾ ಒಬ್ಳೇ ಬಂದು ಎಂತ ಹಾಡ್ಲಿ? ನಾ ಒಂದು ಸೊಲ್ಲು ಹೇಳಿದ್ರೆ ಎತ್ಕಳಕ್ಕೆ ಜನ ಬೇಕಲ್ಲ."

ಇಷ್ಟು ವರ್ಷ ಆ ಹಾಡನ್ನು ತಲೆಯಲ್ಲಿ ಇಟ್ಟುಕೊಂಡು ತಿರುಗಿದ್ದೆ. ಅದರಲ್ಲಿ ಅರ್ಧ ಉಳಿದ ಹೆಂಗಸರದ್ದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ಮೆಟ್ಟಿಲು ಹತ್ತಿ ಜಗಲಿಯ ಮೇಲೆ ನಿಂತೆ. ತಪ್ಪಾಯಿತು ಅಜ್ಜಿ ಎಂದು ಭರಣಿ ಮುಂದೆ ಹಿಡಿದು, ನಮ್ಮೂರಲ್ಲಿ ಹೇಗೆ ಹೇಳಬೇಕೋ ಹಾಗೆಯೇ, ಮನೆಮಂದಿಯೆಲ್ಲ ಬರಬೇಕು ಎಂದು ಕರೆದೆ. ಅಜ್ಜಿ ಕುಂಕುಮ ಹಚ್ಚಿಕೊಂಡರು. ಆದರೂ ಏಳಲಿಲ್ಲ. ಹೇಳಿಕೆಗೆ ಬಂದವರು ಬರಿಬಾಯಲ್ಲಿ ಹೋಗಬಾರದು ಎಂದು ಸೊಸೆಗೆ ಕಾಫಿ ತರಲು ಹೇಳಿದರು. ಅಲ್ಲಿ ಕಾರ್ಯಕ್ರಮ ನಡೆಯುತ್ತಿದೆ ಎಂದರೂ ಬಿಡಲಿಲ್ಲ. ಕುದಿಯುವ ಕಾಫಿಯನ್ನು ಒಂದೇ ಸಲಕ್ಕೆ ಕುಡಿದು ನಾಲಿಗೆ ಸುಟ್ಟುಕೊಂಡೆ.

ಅಷ್ಟರಲ್ಲಿ ಗೌಡರು ಮೈಕಿನವರ ಲಗೇಜ್ ಆಟೋ ಕಳಿಸಿದ್ದರು. ಅಜ್ಜಿಯನ್ನು ಅದರಲ್ಲಿ ನೇರ ಗದ್ದೆಗೆ ಕಳಿಸಬೇಕು ಎಂದುಕೊಂಡರೆ, ಅವರು ಮುಂದಿನ ಸೀಟಿನಲ್ಲಿ ಕೂತು, ಮೊದಲು ಕೇರಿಗೆ ನಡಿ ಎಂದು ಡ್ರೈವರಿಗೆ ಅಪ್ಪಣೆ ಮಾಡಿದರು. ಸ್ಕೂಟಿ ಅಲ್ಲೇ ಬಿಟ್ಟು ನಾನೂ ಹಿಂದೆ ಹತ್ತಿದೆ. ಇನ್ನು ಎಲ್ಲ ಮನೆಯಲ್ಲೂ ಕಾಫಿ ಕುಡಿಯುತ್ತಾ ಹೋದರೆ ನಾಳೆ ಬೆಳಗಾಗುತ್ತದೆ ಎಂದು ನನಗೆ ದಿಗಿಲು. ಆದರೆ ಮೊದಲನೇ ಮನೆಗೆ ಹೋದರೆ ಅಲ್ಲಿಯ ಹೆಂಗಸರೂ ಸೀರೆ ಉಟ್ಟು ತಯಾರು. ಎರಡನೇ ಮನೆಯಲ್ಲೂ ಅಷ್ಟೇ. ಮೂರನೆಯ ಮನೆಗಂತೂ ಬೀಗ ಹಾಕಿ, ಎಲ್ಲರೂ ಜಗಲಿಯ ಮೇಲೆ ಕೂತಿದ್ದರು. ಬೆಳಿಗ್ಗೆಯಿಂದ ಮೈಕ್ ಟೆಸ್ಟಿಂಗ್ ಕೇಳುತ್ತಾ ಇಡೀ ಊರು ಹೊರಟು ಕೂತಿತ್ತು. ಯಾರಾದರೂ ಬಂದು ಒಂದು ಮಾತು ಹೇಳಲಿ ಎಂದು ಕಾದಿತ್ತು. ಇವರನ್ನೇ ನಾನು ಸೋಮಾರಿಗಳು ಎಂದು ಬೈದದ್ದು.

ನಾನು ಇಳಿದು ಕುಂಕುಮ ಕೊಟ್ಟು ಕರೆಯುತ್ತಿದ್ದೆ. ಅಜ್ಜಿ ಆಟೋದಲ್ಲಿ ಕೂತೇ, ಕಾಫಿ ಎಲ್ಲ ಆಮೇಲೆ, ಈಗ ಹೊರಡಿ ಎಂದು ಕೂಗುತ್ತಿದ್ದರು. ಅವರ ಮಾತಿಗೆ ಯಾರೂ ಎದುರಾಡಲಿಲ್ಲ. ಊರಿನ ಆಚೆ ಕಡೆಯ ಮನೆಗಳಿಗೆ ಗಣಪತಿ ಮೇಷ್ಟ್ರೂ ಶಾರದಕ್ಕನೂ ಹೋದರು. ಬಿಸಿಲು ಇಳಿಯುವ ಹೊತ್ತಿಗೆ ನಮ್ಮ ಆಟೋದ ಹಿಂದೆ ಊರೇ ನಡೆದು ಬರುತ್ತಿತ್ತು. ಮುಂದಿನ ಚಾಪೆಗಳು ತುಂಬಿದವು, ಸಾಲದೆ ಜನ ಅಂಚಿನ ಮೇಲೆ ಕೂತರು.

ಗಿಟಾರಿನವರ ಹಾಡಾದ ಮೇಲೆ ಅಜ್ಜಿಯ ಸರದಿ. ವೇದಿಕೆ ಹತ್ತಲು ಅವರು ಒಪ್ಪಲಿಲ್ಲ. ಊರಿನ ಹೆಂಗಸರ ನಡುವೆ ಚಾಪೆಯ ಮೇಲೆ ಕಾಲು ಚಾಚಿ ಕೂತರು. ಮೈಕನ್ನು ಅಲ್ಲಿಗೇ ತಂದು ಹಿಡಿದೆವು. ಮೊದಲ ಸೊಲ್ಲು ಹೊರಟಿತು. ದನಿ ನಡುಗುತ್ತಿತ್ತು. ಎತ್ತಿಕೊಳ್ಳುವ ಜಾಗ ಬಂದಾಗ ಯಾರೂ ಬಾಯಿ ಬಿಡಲಿಲ್ಲ. ಪೇಟೆಯವರ ಮುಂದೆ ಎಲ್ಲರಿಗೂ ಸಂಕೋಚ. ಅಜ್ಜಿ ನಿಲ್ಲಿಸಿ ಸುತ್ತ ನೋಡಿದರು. ಅವರು ಮತ್ತೊಮ್ಮೆ ಅದೇ ಸೊಲ್ಲು ಹೇಳಿದರು. ಆಗ ಶಾರದಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡೇ ಎತ್ತಿಕೊಂಡರು. ಪಕ್ಕದವರು ಸೇರಿದರು, ಹಿಂದಿನವರು ಸೇರಿದರು. ನಾಲ್ಕನೇ ಸೊಲ್ಲಿಗೆ, ಹಿಂದೆ ನಟ್ಟಿ ಗದ್ದೆಗೆ ಇಳಿದಿದ್ದ ಹೆಂಗಸರೆಲ್ಲ ಹಾಡುತ್ತಿದ್ದರು. ಅಜ್ಜಿಯ ದನಿ ಗಟ್ಟಿಯಾಯಿತು. ಹಾರ್ಮೋನಿಯಂ ಯಜಮಾನರು ಶ್ರುತಿ ಹುಡುಕಿ ಹುಡುಕಿ ಸೋತು, ಪೆಟ್ಟಿಗೆ ಮುಚ್ಚಿ ಕೇಳುತ್ತಾ ಕೂತರು. ಆ ಹೊತ್ತಿನಲ್ಲಿ ನನಗಾದ ಸಂತೋಷವನ್ನು ನನ್ನ ಮದುವೆಯ ದಿನವೂ ನಾನು ಕಂಡಿರಲಿಲ್ಲ. ನನ್ನ ಗಂಡನಿಗೂ ಇದನ್ನು ಹೇಳಿದ್ದೇನೆ, ಅವರು ಬೇಜಾರು ಮಾಡಿಕೊಂಡಿಲ್ಲ.

ಆಮೇಲಿನ ವರ್ಷಗಳಲ್ಲೂ ಹಬ್ಬ ನಡೆದಿದೆ. ಪೋಸ್ಟರ್ ಅಂಟಿಸುವ ಮೊದಲು ನಾವು ನಲವತ್ತೆರಡು ಮನೆಗೂ ಹೇಳಿಕೆಗೆ ಹೋಗುತ್ತೇವೆ. ಆ ದಿನ ನಾನು ಅಂಚೆಯ ಚೀಲ ಮುಟ್ಟುವುದಿಲ್ಲ. ಯಾರಿಗಾದರೂ ಕಾಗದವಿದ್ದರೂ ಮಾರನೇ ದಿನ ಬೇರೆಯೇ ಹೋಗಿ ಕೊಡುತ್ತೇನೆ. ಎಲ್ಲರ ಮನೆಯ ಕಾಫಿಯನ್ನೂ ಕುಡಿಯುತ್ತೇನೆ.

ಈ ಸಲ ಹಬ್ಬಕ್ಕೆ ಇನ್ನೆರಡು ದಿನ ಇತ್ತು. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದೆ. ಹೊರಗೆ ಯಾರೋ ಕೆಮ್ಮಿದ ಸದ್ದಾಯಿತು. ನೋಡಿದರೆ ದೇವಮ್ಮಜ್ಜಿ. ಶಾರದಕ್ಕನ ತೋಳು ಹಿಡಿದುಕೊಂಡು ನಮ್ಮ ಮನೆಯ ಆರು ಮೆಟ್ಟಿಲನ್ನು ಒಂದೊಂದಾಗಿ ಹತ್ತುತ್ತಿದ್ದರು. ಇನ್ನೊಂದು ಕೈಯಲ್ಲಿ ಕುಂಕುಮದ ಭರಣಿ. ಈ ಮಂಡಿ ಇಟ್ಟುಕೊಂಡು ಯಾಕೆ ಬಂದಿರಿ, ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತಲ್ಲ ಎಂದು ಕುರ್ಚಿ ಎಳೆದೆ. ಅಜ್ಜಿ ಕೂರಲಿಲ್ಲ.

"ಊರಿಗೆಲ್ಲ ನೀ ಹೇಳಿಕೆ ಮಾಡ್ತಿ. ನಿಂಗೆ ಇದುವರೆಗೆ ಯಾರೂ ಮಾಡ್ಲಿಲ್ಲ" ಎಂದರು. ಜಗಲಿಯ ಮೇಲೆ ನೆಟ್ಟಗೆ ನಿಂತು ಭರಣಿ ಮುಂದೆ ಹಿಡಿದರು. "ಭಾನುವಾರ ಗದ್ದೇಲಿ ಹಾಡು ಇಟ್ಕಂಡಿದೀವಿ. ಮನೆಮಂದಿಯೆಲ್ಲ ಬರಬೇಕು."

ಕುಂಕುಮ ಹಚ್ಚಿಕೊಂಡೆ. ಬರ್ತೀವಿ ಅಜ್ಜಿ ಎಂದೆ. ಚೀಲವನ್ನು ಗೂಟಕ್ಕೆ ತೂಗುಹಾಕಿ, ಇಬ್ಬರಿಗೂ ಕಾಫಿ ಇಡಲು ಒಳಗೆ ಹೋದೆ.