ಜೋಸೆಫ್ ವಕೀಲರ ಬಗ್ಗೆ ನಾನಾಡಿದ ಒಂದು ಮಾತು

ಮೊನ್ನೆ ಮತದಾರರ ಪಟ್ಟಿ ಪರಿಷ್ಕರಣೆಗೆ ಬಂದ ಅಂಗನವಾಡಿ ಟೀಚರು ಕಾಗದ ತಿರುವುತ್ತ, "ನಿಮ್ಮ ಓಣಿಯ ಜೋಸೆಫ್ ಅನ್ನೋರು ತೀರಿಕೊಂಡ್ರಲ್ಲ, ಹೆಸರು ತೆಗೀಲಾ?" ಎಂದರು. ತೆಗೆಯಿರಿ ಎಂದೆ. ಅಂದು ಮಧ್ಯಾಹ್ನದ ಊಟ ಸೇರಲಿಲ್ಲ.

ಪಟ್ಟಿ ಎಂದರೆ ಜೋಸೆಫ್ ವಕೀಲರಿಗೆ ನಗು. ಅವರ ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಶಿರಸಿ ಕೋರ್ಟಿನಲ್ಲಿ ನಾನು ಅವರ ಜೂನಿಯರ್ ಆಗಿ ಸೇರಿದ ಮೊದಲ ದಿನವೇ "ಸಾಕ್ಷಿಗಳ ಪಟ್ಟಿ ತನ್ನಿ" ಎಂದವರು ನಕ್ಕು, ಯಾಕೆ ನಕ್ಕೆನೆಂದು ವಿವರಿಸಿದರು. ನನಗೆ ನಗು ಬಂದದ್ದು ಎರಡು ದಿನ ಬಿಟ್ಟು. ನನ್ನ ಬುದ್ಧಿ ಆಗಲೂ ನಿಧಾನವೇ.

ಅವರು ಇಪ್ಪತ್ತೈದನೇ ವಯಸ್ಸಿಗೆ ಕೇರಳದಿಂದ ಯಲ್ಲಾಪುರದ ಇಡಗುಂದಿಗೆ, ಅಲ್ಲಿ ಜಮೀನು ಮಾಡಿಕೊಂಡಿದ್ದ ಮಾವನ ಬಳಿಗೆ ಬಂದವರು. ಕನ್ನಡ ಕಲಿತದ್ದು ಕಕ್ಷಿದಾರರಿಂದ. ಕಾಡಿನ ಜಾಗ ಅತಿಕ್ರಮಣ ಮಾಡಿದ್ದೀರೆಂದು ನೋಟೀಸು ಬಂದ ರೈತರೆಲ್ಲ ಅವರಲ್ಲಿಗೇ ಬರುತ್ತಿದ್ದರು. ನನ್ನ ಅಪ್ಪನ ಎರಡೆಕರೆ ಗದ್ದೆ ಉಳಿದದ್ದೂ ಅವರ ವಾದದಿಂದಲೇ. ಕೊನೆಗೆ ಆ ರೈತರೇ ಒತ್ತಾಯ ಮಾಡಿ ಅವರನ್ನು ಚುನಾವಣೆಗೆ ನಿಲ್ಲಿಸಿ ಗೆಲ್ಲಿಸಿದರು. ಶಾಸಕರಾದ ಮೇಲೂ ಶನಿವಾರ ಬಂತೆಂದರೆ ಶಿರಸಿಯ ಹಳೇ ಆಫೀಸಿನಲ್ಲಿ ಕೂತು ಜನರ ಅರ್ಜಿ ಬರೆದುಕೊಡುತ್ತಿದ್ದರು.

ನನಗೆ ಸರಕಾರಿ ವಕೀಲನಾಗುವ ಆಸೆ. ಅವರೊಂದು ಮಾತು ಹೇಳಿದರೆ ಆಗಿಯೇ ಹೋಯಿತು ಎಂದುಕೊಂಡಿದ್ದೆ. ಅವರು ಬೇರೊಬ್ಬರ ಹೆಸರು ಹೇಳಿದರು.

"ಕ್ರಿಮಿನಲ್ ಕೇಸು ಅವರು ನಿಮಗಿಂತ ಚೆನ್ನಾಗಿ ನಡೆಸ್ತಾರೆ. ನಾನು ಸುಳ್ಳು ಹೇಳ್ಬೇಕಾ?"

ಅವರ ಮಾತು ನಿಜವಾಗಿತ್ತು. ಅದಕ್ಕೇ ನುಂಗಲಾಗಲಿಲ್ಲ.

ಮುಂದಿನ ಚುನಾವಣೆ ಬಂತು. ಮತ್ತಿಘಟ್ಟದ ಕಡೆ ಒಂದು ಶಾಲೆಯಲ್ಲಿ ರೈತರು ಸೇರಿದ್ದರು. ಜೋಸೆಫರು ಅಂದು ಸಿದ್ದಾಪುರದಲ್ಲಿದ್ದರು. ಯಾರಿಗೆ ಓಟು ಹಾಕಬೇಕೆಂದು ಹಿರಿಯರೊಬ್ಬರು ನನ್ನನ್ನೇ ಕೇಳಿದರು: "ನೀನು ಅವ್ರ ಸಂಗ್ತಿಗೇ ಇಪ್ಪವ. ಈ ಸಲ ಎಂತ ಮಾಡವು ಹೇಳು, ತಮಾ."

"ಒಳ್ಳೆಯವ್ರೇ. ಆದ್ರೆ ಎಷ್ಟಂದ್ರೂ ಹೊರಗಿನವ್ರು," ಎಂದೆ.

ಅಷ್ಟೇ. ವಾರದೊಳಗೆ ಆ ಮಾತು ಊರೂರು ತಿರುಗಿತು. ಮೊದಲು ಅಂದವರು ಯಾರೆಂಬುದು ಯಾರಿಗೂ ನೆನಪಿರಲಿಲ್ಲ. ಜೋಸೆಫರು ಸೋತರು. ಮರುದಿನ ಅವರ ಮನೆಗೆ ಹೋದಾಗ ಮೆಲ್ಲಗೆ ಕೇಳಿದರು: "ಹೊರಗಿನವ ಅಂತ ಶುರು ಮಾಡಿದ್ದು ಯಾರು, ನಿಮಗೇನಾದ್ರೂ ಗೊತ್ತಾ?"

"ಇಲ್ಲ ಸರ್."

ಅವರು ಮತ್ತೆ ಕೇಳಲಿಲ್ಲ. ತಮ್ಮ ಆಫೀಸು, ಕಡತ, ಕಕ್ಷಿದಾರರು ಎಲ್ಲವನ್ನೂ ನನಗೇ ಒಪ್ಪಿಸಿದರು. ನಾನು ಅವರ ಮನೆಗೆ ತಪ್ಪದೆ ಹೋಗಿಬಂದು ಮಾಡುತ್ತಿದ್ದೆ. ಪ್ರೀತಿಯಿಂದಲೋ ಅಳುಕಿನಿಂದಲೋ, ನೀವು ಕೇಳಿದರೆ ಈಗಲೂ ಹೇಳಲಾರೆ.

ಟೀಚರು ಬಂದುಹೋದ ಮರುದಿನ ಸಿದ್ದಾಪುರದ ಬಸ್ಸು ಹತ್ತಿದೆ. ಜೋಸೆಫರ ಹೆಂಡತಿ ಏಲಿಯಮ್ಮನವರು ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಬೀನ್ಸು ಸೋಸುತ್ತಿದ್ದವರ ಎದುರು ಕೂತು ಎಲ್ಲ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

"ನಂಗೆ ಗೊತ್ತು," ಎಂದರು. "ಅವತ್ತು ಹೆಂಗಸರ ಜೊತೆ ಓಟು ಕೇಳ್ಲಿಕ್ಕೆ ನಾನೂ ಆ ಊರಿಗೆ ಬಂದಿದ್ದೆ. ಶಾಲೆ ಬಾಗಿಲ ಹೊರಗೇ ನಿಂತಿದ್ದೆ."

"ಅವ್ರಿಗೆ ಹೇಳ್ಲಿಲ್ವಾ ಅಮ್ಮ?"

"ಹೇಗೆ ಹೇಳೋದು? ಸೋತ ಮೇಲೆ ನಮ್ಮ ಮನೆಗೆ ಬರ್ತಾ ಇದ್ದದ್ದು ನೀವೊಬ್ರೇ."

ಚಹಾ ಮಾಡಲು ಒಳಗೆ ಹೋದರು. ಹೇಳಿಬಿಟ್ಟರೆ ಹಗುರಾಗುತ್ತೇನೆ ಎಂದುಕೊಂಡು ಬಂದಿದ್ದೆ.