ಜರ್ಮನಿಯ ಪಾಠ ಒಪ್ಪಿಸಿದ ದಿನ

ಭಯವಾದರೆ ನನಗೆ ಮೊದಲು ಒಣಗುವುದು ನಾಲಿಗೆ. ಆಸ್ಟಿನ್ನಿನಲ್ಲಿ ಪಿಎಚ್‌ಡಿಯ ಮೌಖಿಕ ಪರೀಕ್ಷೆಯ ದಿನ ಬೆಳಗ್ಗೆ ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು. ವಿಷಯ ಜರ್ಮನಿಯ ರಾಜಕೀಯ ಚರಿತ್ರೆ: ಚೂರುಚೂರಾಗಿದ್ದ ಸಂಸ್ಥಾನಗಳು ಒಂದು ದೇಶವಾದದ್ದರಿಂದ ಹಿಡಿದು ಅಲ್ಲಿನ ಮೊದಲ ಪ್ರಜಾಪ್ರಭುತ್ವ ಕುಸಿದದ್ದರವರೆಗೆ. ಫೇಲಾದರೆ ವಿಶ್ವವಿದ್ಯಾಲಯದ ಸಹಾಯಧನ ಹೋಗುತ್ತದೆ, ಅದರ ಹಿಂದೆಯೇ ವೀಸಾ. ಅವಳಿ ಗೋಪುರಗಳು ಬಿದ್ದ ಮರುವರ್ಷ ಅದು. ವೀಸಾ ಎಂಬ ಶಬ್ದ ಬಂದರೆ ಸಾಕು, ನಮ್ಮವರೆಲ್ಲ ದನಿ ತಗ್ಗಿಸುತ್ತಿದ್ದರು.

ನಾನಿದ್ದದ್ದು ಪಕ್ಕದ ಊರು ಸೀಡರ್ ಪಾರ್ಕಿನಲ್ಲಿ, ಮೈಸೂರಿನ ಒಬ್ಬ ಆಂಟಿಯ ಮನೆಯ ಮಹಡಿ ಕೋಣೆಯಲ್ಲಿ. ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಆಂಟಿ ಅವತ್ತು ಆಫೀಸಿಗೆ ರಜೆ ಹಾಕಿ ತಾವೇ ಕರೆದುಕೊಂಡು ಹೊರಟರು. ಜರ್ಮನಿಯ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅಲ್ಲಿಯ ಕಾರುಗಳು ಮಾತ್ರ. ಆದರೆ ಮಕ್ಕಳಿಂದ ಪಾಠ ಒಪ್ಪಿಸಿಕೊಳ್ಳುವುದರಲ್ಲಿ ಪಳಗಿದವರು.

“ಹೂಂ, ಹೇಳು. ದೇಶ ಒಂದಾಗಕ್ಕೆ ಕಾರಣಗಳು.”

ಕಣ್ಣು ಮುಚ್ಚಿ ಶುರು ಮಾಡಿದೆ. ಸಂಸ್ಥಾನಗಳ ಸುಂಕದ ಒಕ್ಕೂಟ, ರೈಲು, ಉಕ್ಕಿನ ಮನುಷ್ಯನೆಂದು ಹೆಸರಾದ ಮಂತ್ರಿಯ ಮೂರು ಯುದ್ಧಗಳು, ಶತ್ರುವಿನ ಅರಮನೆಯಲ್ಲೇ ಚಕ್ರವರ್ತಿಯ ಘೋಷಣೆ.

“ಆಂಟಿ, ಅಲ್ಲಿ ಹೋದ್ಮೇಲೆ ಮರೆತುಹೋದ್ರೆ?”

“ಮರೆಯಲ್ಲ ಕಣೇ. ಬಾಯಿಪಾಠ ಆಗಿದ್ಯಲ್ಲ. ನಿಲ್ಲಿಸ್ದೆ ಹೇಳ್ತಾ ಹೋಗು, ಅಷ್ಟೆ.”

ನಮ್ಮ ಕಡೆ ಪರೀಕ್ಷೆಯೆಂದರೆ ಅದೇ. ಪೀಠಿಕೆ, ಕಾರಣಗಳು, ಉಪಸಂಹಾರ, ಕೆಳಗೆ ಸ್ಕೇಲಿಟ್ಟು ಒಂದು ಗೆರೆ. ಹಾಗೆ ಬರೆದೇ ರ‍್ಯಾಂಕು ಪಡೆದವಳು ನಾನು.

ಕೋಣೆಯಲ್ಲಿ ಮೂವರು ಪ್ರಾಧ್ಯಾಪಕರು. ನಡುವೆ ಕೂತಿದ್ದವರು ಜರ್ಮನಿಯಲ್ಲೇ ಹುಟ್ಟಿದ ವಯಸ್ಸಾದ ಹೆಂಗಸು. ಮೊದಲ ಪ್ರಜಾಪ್ರಭುತ್ವ ಯಾಕೆ ಉಳಿಯಲಿಲ್ಲ ಎಂದು ಅವರು ಕೇಳಿದ್ದೇ ತಡ, ನಾನು ಒಪ್ಪಿಸತೊಡಗಿದೆ. ಸೋತ ಯುದ್ಧ, ಅವಮಾನದ ಒಪ್ಪಂದ, ಬೆಲೆಯೇರಿಕೆ, ನಿರುದ್ಯೋಗ, ಸಂಸತ್ತನ್ನು ಬದಿಗಿಟ್ಟು ಆಳಲು ಅಧ್ಯಕ್ಷನಿಗೆ ದಾರಿ ಕೊಟ್ಟ ಸಂವಿಧಾನದ ಆ ಒಂದು ವಿಧಿ. ಉಸಿರು ತೆಗೆದುಕೊಳ್ಳಲೂ ಹೆದರಿಕೆ, ಎಲ್ಲಿ ಕೊಂಡಿ ತಪ್ಪುತ್ತದೋ ಎಂದು.

“ಎಲ್ಲ ಸರಿಯಾಗಿದೆ. ಇಷ್ಟನ್ನು ಪುಸ್ತಕವೇ ಹೇಳುತ್ತದೆ,” ಎಂದರು ಅವರು. “ನೀವು ಬರ್ಲಿನ್ನಿನಲ್ಲಿ ಕೆಲಸ ಕಳೆದುಕೊಂಡ ಟೈಪಿಸ್ಟ್ ಅಂದುಕೊಳ್ಳಿ. ಆ ಕೊನೆಯ ಚುನಾವಣೆಗಳಲ್ಲಿ ಯಾರಿಗೆ ಮತ ಹಾಕುತ್ತಿದ್ದಿರಿ?”

ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಹೇಳಬೇಕಾದ ಒಳ್ಳೆಯ ಉತ್ತರ ಯಾವುದೆಂದು ಗೊತ್ತಿತ್ತು, ಬಾಯಿಯನ್ನೂ ತೆರೆದೆ. ಆದರೆ ಕಣ್ಣ ಮುಂದೆ ಬಂದದ್ದು ವೀಸಾ ಒಂದೇ. ತಲೆಯಲ್ಲಿ ಸಿದ್ಧಾಂತ, ಪಕ್ಷ ಒಂದೂ ಇಲ್ಲ. ಈ ಹೆದರಿಕೆಯನ್ನು ಯಾರಾದರೂ ತೆಗೆದುಬಿಟ್ಟರೆ ಸಾಕು ಅನ್ನಿಸುತ್ತಿತ್ತು.

“ಈಗ ನನಗಿರುವಷ್ಟು ಭಯ ಆಗಲೂ ಇದ್ದಿದ್ದರೆ,” ಎಂದೆ, “ಭಯ ಕಳೆಯುತ್ತೇನೆಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನಿಗೇ ಹಾಕುತ್ತಿದ್ದೆ. ಅವನು ಬೇರೆಯವರಿಗೆ ಏನು ಮಾಡುತ್ತಾನೆಂದು ಕೇಳುತ್ತಿರಲಿಲ್ಲ.”

ಕೆಟ್ಟೆ, ಎಲ್ಲ ಮುಗಿಯಿತು ಅಂದುಕೊಂಡೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಮ್ಮಮ್ಮನೂ ಕೇಳಲಿಲ್ಲ,” ಎಂದರು.

ನನ್ನನ್ನು ಹೊರಗೆ ಕಳಿಸಿ, ಮತ್ತೆ ಒಳಗೆ ಕರೆದು, ಪಾಸಾಗಿದ್ದೀರಿ ಎಂದು ಕೈಕುಲುಕಿದರು. ಅಳು ಬರುವಷ್ಟು ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಮೆಟ್ಟಿಲಿಳಿಯುವಾಗ ನಾನೇ ಕೊಟ್ಟ ಉತ್ತರ ನೆನಪಾಗಿ ಅರ್ಧಕ್ಕೇ ನಿಂತೆ. ಯಾರ ಬಲವಂತವೂ ಇರಲಿಲ್ಲ. ಒಂದು ಪರೀಕ್ಷೆಯ ಭಯಕ್ಕೇ ನಾನು ಅವನಿಗೆ ಮತ ಹಾಕಿಬಿಟ್ಟಿದ್ದೆ.